ಕುಂಕುಮ ಹಚ್ಚಿದ ಥರ್ಮಾಕೋಲ್ ಪೆಟ್ಟಿಗೆ

ದೊಡ್ಡಮ್ಮ ಮೂರನೇ ಕೀಮೋಗೆ ಹೋಗಿಲ್ಲ, ಆಗಲೇ ಒಂಬತ್ತು ದಿನ ತಡವಾಗಿದೆ ಎಂದು ಹೇಳಲು ಅನಂತರಾಜಣ್ಣ ಫೋನ್ ಮಾಡಿದಾಗ ನಾನು ಹನಿ ಎಣಿಸುತ್ತಿದ್ದೆ.

ಹನಿ ಎಣಿಸುವುದೇ ನನ್ನ ಕೆಲಸ. ಹೆಬ್ಬಾಳ ದಾಟಿ ಯಲಹಂಕಕ್ಕೆ ಹೋಗುವ ದಾರಿಯಲ್ಲಿರುವ ಒಂದು ಸಂಶೋಧನಾ ಸಂಸ್ಥೆಯ ಎರಡನೇ ಮಹಡಿಯಲ್ಲಿ ನಮ್ಮ ಲ್ಯಾಬ್. ಅಲ್ಲಿ ಪಾಲಿಮರನ್ನೂ ಕ್ಯಾನ್ಸರ್ ಔಷಧಿಯನ್ನೂ ಕರಗಿಸಿದ ಕೆಂಪು ದ್ರಾವಣವನ್ನು, ಗಿರಗಿರನೆ ತಿರುಗುತ್ತಿರುವ ನೀರಿಗೆ ಸಿರಿಂಜಿನಿಂದ ಬಿಡುತ್ತೇನೆ. ಮೂರು ಸೆಕೆಂಡಿಗೆ ಒಂದು ಹನಿ. ಪಾಲಿಮರಿನ ಒಂದು ತುದಿಗೆ ನೀರೆಂದರೆ ಇಷ್ಟ, ಇನ್ನೊಂದು ತುದಿಗೆ ಭಯ. ನೀರಿಗೆ ಬಿದ್ದ ಕೂಡಲೇ ಭಯದ ತುದಿಗಳೆಲ್ಲ ಒಳಗೆ ಒಟ್ಟಾಗಿ ಅವಿತುಕೊಳ್ಳುತ್ತವೆ. ಅವಿತುಕೊಳ್ಳುವಾಗ ಔಷಧಿಯನ್ನೂ ಜೊತೆಗೆ ಎಳೆದುಕೊಳ್ಳುತ್ತವೆ. ಯಾರೂ ಹೇಳಿಕೊಡಬೇಕಿಲ್ಲ, ಉಂಡೆ ತಾನೇ ಕಟ್ಟಿಕೊಳ್ಳುತ್ತದೆ. ಕೂದಲಿನ ದಪ್ಪವನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿನಷ್ಟು ಉಂಡೆ. ಅವಸರ ಮಾಡಿದರೆ ಉಂಡೆಗಳು ಒಂದಕ್ಕೊಂದು ಅಂಟಿ ತಳಕ್ಕೆ ಇಳಿಯುತ್ತವೆ.

"ಹರ್ಷಿ, ಅಮ್ಮ ಆಸ್ಪತ್ರೆಗೆ ಬರಲ್ಲ ಅಂತ ಕೂತವ್ಳೆ ಕಣೇ," ಎಂದ ಅಣ್ಣ. ಅನಂತರಾಜು ದೊಡ್ಡಮ್ಮನ ಮಗ. ರಾಜಾನುಕುಂಟೆಯಲ್ಲಿ ಸೈಟು, ಲೇಔಟು ಎಂದು ಓಡಾಡುವವನು. ಸಾಮಾನ್ಯವಾಗಿ ಅವನ ದನಿ ಫೋನಿನಿಂದ ಆಚೆಗೂ ಕೇಳಿಸುತ್ತಿತ್ತು. ಈಗ ಪಿಸುಗುಡುತ್ತಿದ್ದ.

"ಯಾಕಂತೆ?"

"ನೀನು ಮಾಡ್ತಿದೀಯಲ್ಲ, ಆ ಔಷಧಿ ಬಂದ್ಮೇಲೆ ತಗೋತಾಳಂತೆ."

ಎಷ್ಟನೇ ಹನಿ ಎನ್ನುವುದು ತಪ್ಪಿಹೋಯಿತು. ಹೆಬ್ಬೆರಳು ತಾನಾಗಿ ಒತ್ತಿತೋ ಏನೋ, ಸಿರಿಂಜಿನಲ್ಲಿ ಉಳಿದದ್ದೆಲ್ಲ ಒಟ್ಟಿಗೆ ನೀರಿಗೆ ಇಳಿದು ಬೀಕರಿನ ಗೋಡೆಗೆ ಕೆಂಪು ಗಸಿ ಹತ್ತಿತು.

ತಪ್ಪು ನನ್ನದೇ. ಆ ವರ್ಷ, ಎಂದರೆ ೨೦೧೪ರ ಗೌರಿ ಹಬ್ಬದ ಹಿಂದಿನ ದಿನ, ದೊಡ್ಡಮ್ಮನ ಮನೆಯಲ್ಲಿ ಕರ್ಜಿಕಾಯಿ ಮಾಡುತ್ತಿದ್ದೆವು. ದೊಡ್ಡಮ್ಮ ಎಂದರೆ ಗೌರಮ್ಮ, ಅಮ್ಮನ ಅಕ್ಕ. ಅಮ್ಮ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದ ಕಾಲದಲ್ಲಿ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. "ಇಷ್ಟೊರ್ಷದಿಂದ ಅದೇನೇ ಓದ್ತಿದೀಯ, ಮುಗಿಯಾಕೇ ಇಲ್ಲ ಅಂತದಲ್ಲ," ಎಂದು ಕೆಣಕಿದಳು. ನಾನು ಕೈಯಲ್ಲಿದ್ದ ಕರ್ಜಿಕಾಯಿ ತೋರಿಸಿ, "ನೋಡು, ಹೂರಣ ಇಟ್ರೆ ಹಿಟ್ಟು ತಾನೇ ಮುಚ್ಕೊಳ್ಳೋ ಹಂಗೆ ಮಾಡ್ತಿದೀನಿ. ಒಳಗೆ ಔಷಧಿ. ಆಸ್ಪತ್ರೇಲಿ ಕೊಡೋದು ಮೈಯೆಲ್ಲಾ ಸುತ್ತತ್ತೆ, ಕೂದಲು, ಹೊಟ್ಟೆ ಎಲ್ಲಾ ಹಾಳು ಮಾಡತ್ತೆ. ನಂದು ಸೀದಾ ಗಂಟು ಎಲ್ಲಿದೆಯೋ ಅಲ್ಲಿಗೇ ಹೋಗತ್ತೆ," ಎಂದೆ. ಜಂಬ. ಪಿಎಚ್‌ಡಿಯ ನಾಲ್ಕು ವರ್ಷದಲ್ಲಿ ಮನೆಯವರು ಮೊದಲ ಸಲ ನನ್ನ ಮಾತನ್ನು ಬಾಯಿ ತೆರೆದು ಕೇಳುತ್ತಿದ್ದರು. ನಿಲ್ಲಿಸಲಾಗಲಿಲ್ಲ.

ಆಗ ದೊಡ್ಡಮ್ಮನ ಬಲ ಎದೆಯಲ್ಲಿ ಆಗಲೇ ಗಂಟಿತ್ತು. ಸ್ನಾನ ಮಾಡುವಾಗ ಕೈಗೆ ಸಿಕ್ಕಿದ್ದನ್ನು ಅವಳು ಯಾರಿಗೂ ಹೇಳಿರಲಿಲ್ಲ. ನಾನು ಗಂಟು ಎಂದಾಗ ಅವಳು ಲಟ್ಟಣಿಗೆ ನಿಲ್ಲಿಸಿದ್ದು ಈಗ ನೆನಪಾಗುತ್ತದೆ.

ರಾಜಾನುಕುಂಟೆಗೆ ಹೋದಾಗ ದೊಡ್ಡಮ್ಮ ಜಗಲಿಯಲ್ಲಿ ಕಾಲು ಚಾಚಿ ಅವರೆಕಾಳು ಹಿತಕುತ್ತಿದ್ದಳು. ಎರಡು ಕೀಮೋಗೆ ತಲೆ ನುಣ್ಣಗಾಗಿತ್ತು. ಸೆರಗನ್ನು ಕಿವಿಯ ಹಿಂದಕ್ಕೆ ಬಿಗಿಯಾಗಿ ಸಿಕ್ಕಿಸಿದ್ದಳು. ನೆನೆದ ಕಾಳನ್ನು ಎರಡು ಬೆರಳಲ್ಲಿ ಒತ್ತಿದರೆ ಬೇಳೆ ಚಿಮ್ಮಿ ಬೋಗುಣಿಗೆ ಬೀಳುತ್ತಿತ್ತು, ಸಿಪ್ಪೆ ಕೈಯಲ್ಲೇ ಉಳಿಯುತ್ತಿತ್ತು.

"ಬಂದಾ? ಆಯ್ತಾ ನಿನ್ ಔಸ್ದಿ?"

"ಇಲ್ಲ ದೊಡ್ಡಮ್ಮ. ಅದು ಇನ್ನೂ ಇಲೀಗೆ ಕೊಡ್ತಿರೋದು. ಮನುಷ್ಯರಿಗೆ ಬರಕ್ಕೆ ಹತ್ತು ವರ್ಷ ಆಗಬೋದು, ಬರದೇನೂ ಇರಬೋದು."

"ಇಲೀಗ್ ಆಗೋದು ನಂಗ್ಯಾಕಾಗಾಕಿಲ್ಲ? ನಾನೂ ಇಲಿ ಅಂಗೇ ಆಗಿವ್ನಿ ನೋಡು." ನಕ್ಕಳು. ಬಾಯಿಯೊಳಗೆ ಹುಣ್ಣು ಕಂಡವು. "ನಾನೇನ್ ಸುಮ್ಕೆ ಕೂತಿಲ್ಲ ಕಣವ್ವ. ಕಾರ್ತೀಕದ ಸೋಮವಾರ ಅಮ್ಮನತ್ರ ಊವ ಕೇಳಿಸ್ದೆ."

ನಮ್ಮ ಕಡೆ ಏನೇ ನಿರ್ಧರಿಸಬೇಕಾದರೂ ಊರಮ್ಮನ ಗುಡಿಯಲ್ಲಿ ಹೂ ಕೇಳುತ್ತಾರೆ. ಪೂಜಾರಿ ವಿಗ್ರಹದ ಮೇಲೆಲ್ಲ ಒದ್ದೆ ಹೂ ಅಂಟಿಸಿ, ಕೇಳುವವರ ಪ್ರಶ್ನೆಯನ್ನು ದೇವಿಯ ಮುಂದಿಡುತ್ತಾನೆ. ಬಲಗಡೆಯಿಂದ ಹೂ ಬಿದ್ದರೆ ಹೌದು, ಎಡಗಡೆಯಿಂದಾದರೆ ಇಲ್ಲ. ನನ್ನ ಪಿಯುಸಿ ಸೀಟಿಗೂ ಕೇಳಿದ್ದರು.

"ಏನಂತ ಕೇಳಿಸ್ದೆ?"

"ಆಸ್ಪತ್ರೇದು ಬುಟ್ಟು ನಮ್ಮ ಅರ್ಸಿತಾ ಮಾಡೋ ಔಸ್ದಿ ತಗೊಳ್ಳಾದಾ ಅಂತ. ಕೇಳ್ ಮುಗ್ಸಿಲ್ಲ ಅನ್ನು, ಬಲಗಡೆ ಭುಜದಿಂದ ಸೇವಂತಿಗೆ ಜಾರ್ಬುಡ್ತು. ಪೂಜಾರಪ್ಪನೇ ಬೆರಗಾದ."

ಅಂಥ ಔಷಧಿ ಇದೆಯೋ ಇಲ್ಲವೋ ಎಂದು ಯಾರೂ ಕೇಳಿರಲಿಲ್ಲ. ಅದು ಇದೆ ಎಂದು ಹೇಳಿದವಳು ನಾನಾಗಿದ್ದೆ.

ಒಂದು ಗಂಟೆ ಮಾತಾಡಿದೆ. ಡಾಕ್ಟರು ಎಂದೆ, ಆರು ಸಲ ತಗೊಂಡರೆ ಗಂಟು ಕರಗುತ್ತದೆ, ನಡುವೆ ಬಿಟ್ಟರೆ ಮತ್ತೆ ಬೆಳೆಯುತ್ತದೆ ಎಂದೆ, ಅತ್ತೂ ಬಿಟ್ಟೆ. ಅವಳು ಹಿತಕುತ್ತಲೇ ಇದ್ದಳು. ಕೊನೆಗೆ, "ನಂಗೆ ಮಾತ್ರ ಯಾಕೆ ಆಗಾಕಿಲ್ಲ ಅಂತೀಯೋ ಗೊತ್ತಾಯ್ತಿಲ್ಲ. ನಿಮ್ ಸಾರು ಬೈತಾರಾ? ನಾನ್ ಬಂದು ಕೇಳ್ಲಾ?" ಎಂದಳು. ನನ್ನ ಗುರು ಯೋಗಾನಂದ ಸರ್ ಎದುರಿಗೆ ದೊಡ್ಡಮ್ಮ ಕೈಮುಗಿದು ನಿಂತಂತೆ ಕಂಡು ನಾನು ಎದ್ದು ಹಿತ್ತಲಿಗೆ ಹೋದೆ.

ಅಣ್ಣ ನೀರಿನ ತೊಟ್ಟಿಯ ಹತ್ತಿರ ನಿಂತಿದ್ದ. "ಇವತ್ತು ಬೆಳಿಗ್ಗೆ ಡಾಕ್ಟ್ರು ಮತ್ತೆ ಫೋನ್ ಮಾಡಿಸಿದ್ರು. ಇನ್ನು ನಾಲ್ಕು ದಿನ ದಾಟಿದ್ರೆ ಹಿಂದಿನ ಎರಡೂ ದಂಡ ಆದಂಗೆ ಅಂದ್ರು." ಸ್ವಲ್ಪ ಹೊತ್ತು ತೊಟ್ಟಿಯ ಅಂಚನ್ನು ಉಗುರಿನಿಂದ ಕೆರೆದ. "ಒಂದ್ ಮಾತು ಹೇಳ್ಲಾ? ಆಸ್ಪತ್ರೆ ಔಷಧೀನೇ ನಿಂದು ಅಂದ್ಬುಡು."

"ಅಣ್ಣಾ!"

"ನೀನ್ ಒಂದ್ ಡಬ್ಬಿ ತಗೊಂಡ್ ಬಾ. ನರ್ಸ್ ಕೈಗೆ ಕೊಡು. ಅವಳ ಹತ್ರ ನಾನ್ ಮಾತಾಡ್ತೀನಿ. ಅಮ್ಮ ನೋಡ್ಲಿ. ಅಷ್ಟೇ."

"ಗೊತ್ತಾದ್ರೆ?"

"ಗೊತ್ತಾಗೋ ಹೊತ್ಗೆ ಬದುಕಿರ್ತಾಳಲ್ಲ ಮಾರಾಯ್ತಿ."



ಮಾರನೇ ದಿನ ಲ್ಯಾಬಿನಿಂದ ಒಂದು ಥರ್ಮಾಕೋಲ್ ಪೆಟ್ಟಿಗೆ ತೆಗೆದುಕೊಂಡೆ. ಐಸ್ ತುಂಬಿದೆ. ಮಧ್ಯದಲ್ಲಿ ಅಲ್ಯೂಮಿನಿಯಂ ಹಾಳೆ ಸುತ್ತಿದ ಒಂದು ಖಾಲಿ ಸೀಸೆ ಇಟ್ಟೆ. ಖಾಲಿ ಸೀಸೆಗೆ ಐಸ್ ಬೇಕಿರಲಿಲ್ಲ, ಆದರೂ ಕರಗುತ್ತದೇನೋ ಎಂದು ಬಸ್ಸಿನಲ್ಲಿ ಎರಡು ಸಲ ಮುಚ್ಚಳ ತೆರೆದು ನೋಡಿದೆ. ಕೊಡಿಗೇಹಳ್ಳಿ ಗೇಟಿನಲ್ಲಿ ಬಸ್ ನಿಂತೇ ಇತ್ತು. ಪಕ್ಕದವನು ಐಸ್‌ಕ್ರೀಮಾ ಎಂದು ಕೇಳಿದ.

ಹೆಬ್ಬಾಳದ ಆಸ್ಪತ್ರೆಯ ಬಾಗಿಲಲ್ಲಿ ದೊಡ್ಡಮ್ಮ ರೇಷ್ಮೆ ಸೀರೆ ಉಟ್ಟು ಕಾದಿದ್ದಳು. ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡಳು. ಸೊಂಟದಿಂದ ಒಂದು ಪೊಟ್ಟಣ ಬಿಚ್ಚಿ, ಊರಮ್ಮನ ಕುಂಕುಮವನ್ನು ಬೆರಳಲ್ಲಿ ತೆಗೆದು ಬಿಳಿ ಥರ್ಮಾಕೋಲಿನ ಮೇಲೆ ಇಟ್ಟಳು. ಅಣ್ಣ ಬೇರೆ ಕಡೆ ನೋಡಿದ. ನಾನು ಪೆಟ್ಟಿಗೆಯನ್ನು ನರ್ಸಿಗೆ ಕೊಟ್ಟೆ. ಅವಳಿಗೆ ಅಣ್ಣ ಮೊದಲೇ ಹೇಳಿದ್ದ. ಅದನ್ನು ಗಂಭೀರವಾಗಿ ಒಳಗೆ ಒಯ್ದು, ಸ್ವಲ್ಪ ಹೊತ್ತಿಗೆ ಕಪ್ಪು ಕವರು ಮುಚ್ಚಿದ ಬಾಟಲಿ ತಂದು ತೂಗುಹಾಕಿದಳು. ಆ ಔಷಧಿಗೆ ಬೆಳಕು ಆಗುವುದಿಲ್ಲ.

ಕೊಳವೆಯಲ್ಲಿ ಇಳಿದ ಬಣ್ಣವನ್ನು ದೊಡ್ಡಮ್ಮ ನೋಡಿದಳು.

"ಇದೂ ಕೆಂಪೇ ಅಲ್ವೇನೇ?"

"ಒಳಗಿರೋದು ಅದೇ ಔಷಧಿ ದೊಡ್ಡಮ್ಮ. ಮುಚ್ಚಿರೋದು ಮಾತ್ರ ಬೇರೆ. ಕಣ್ಣಿಗೆ ಕಾಣಲ್ಲ."

ಲ್ಯಾಬಿನಲ್ಲಿ ನನ್ನ ಸೀಸೆಗಳೂ ಕೆಂಪಗೇ ಇರುತ್ತವೆ. ಅದು ನಿಜ. ಆ ನಿಜವನ್ನೇ ಎತ್ತಿ ಸುಳ್ಳಿಗೆ ಸುತ್ತಿದ್ದೆ. ಅವಳು ತಲೆಯಾಡಿಸಿ ಕಣ್ಣು ಮುಚ್ಚಿದಳು. ನಾನು ಅಭ್ಯಾಸಬಲದಿಂದ ಹನಿ ಎಣಿಸಿದೆ. ಸೆಕೆಂಡಿಗೆ ಎರಡು. ನಮಗಿಂತ ಬಹಳ ಅವಸರ.

ಐದು ದಿನ ಫೋನ್ ಮುಟ್ಟಲು ಹೆದರಿಕೆಯಾಗುತ್ತಿತ್ತು. ಆರನೇ ದಿನ ಅವಳೇ ಮಾಡಿದಳು.

"ಈ ಸಲ ವಾಂತೀನೇ ಇಲ್ಲ ಕಣೇ! ಮುದ್ದೆ ಉಂಡೆ. ಸೊಪ್ಪಿನ್ ಸಾರಲ್ಲಿ. ಬೀದೀಲೆಲ್ಲಾ ಯೋಳ್ದೆ, ನಮ್ಮುಡುಗೀದು ಅಂತ."

ಡಾಕ್ಟರು ವಾಂತಿಯ ಮಾತ್ರೆ ಬದಲಾಯಿಸಿದ್ದರು. ಚೀಟಿಯಲ್ಲಿ ನಾನೇ ಓದಿದ್ದೆ. ಆದರೂ ಒಂದು ಕ್ಷಣ ಎದೆಯೊಳಗೆ ಏನೋ ಉಬ್ಬಿತು. ನನ್ನ ಖಾಲಿ ಸೀಸೆ ಕೆಲಸ ಮಾಡಿದೆ ಎನ್ನುವ ಹಾಗೆ. ಆಮೇಲೆ, ಬೀದಿಯಲ್ಲೆಲ್ಲ ಹೇಳಿದ್ದಾಳೆ ಎನ್ನುವುದು ನಿಧಾನವಾಗಿ ಇಳಿಯಿತು. "ಯಾರಿಗೂ ಹೇಳ್ಬೇಡ ದೊಡ್ಡಮ್ಮ, ಪರ್ಮಿಷನ್ ಇಲ್ಲ," ಎಂದೆ. "ಆಯ್ತು ಆಯ್ತು," ಎಂದಳು, ಇನ್ನಾರಿಗೋ ಹೇಳಲಿರುವ ದನಿಯಲ್ಲಿ.

ಅದೇ ವಾರ ಇಲಿಗಳ ಫಲಿತಾಂಶ ಬಂತು. ಹೊಳೆಯುವ ಬಣ್ಣ ಬೆರೆಸಿದ ನನ್ನ ಕಣಗಳನ್ನು ಗಡ್ಡೆ ಇರುವ ಇಲಿಗಳಿಗೆ ಚುಚ್ಚಿ, ಒಂದು ದಿನ ಬಿಟ್ಟು ತೆಗೆದ ಚಿತ್ರಗಳು. ಯೋಗಾನಂದ ಸರ್ ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಇಲಿಯ ಹೊಟ್ಟೆಯ ನಡುವೆ ಯಕೃತ್ತು ದೀಪ ಹಚ್ಚಿಟ್ಟಂತೆ ಉರಿಯುತ್ತಿತ್ತು. ತೊಡೆಯ ಗಡ್ಡೆಯನ್ನು ಹುಡುಕಬೇಕಾಯಿತು.

"ಲಿವರ್‌ಗೆ ನೂರಕ್ಕೆ ಅರವತ್ತು. ಗಡ್ಡೆಗೆ ಎರಡು," ಎಂದರು.

"ಎರಡೇನಾ ಸರ್?"

"ಯಾಕಮ್ಮ ಮುಖ ಹಂಗ್ ಮಾಡ್ತೀಯ? ಪ್ರಪಂಚದಲ್ಲಿ ಎಲ್ರಿಗೂ ಹೆಚ್ಚುಕಮ್ಮಿ ಅಷ್ಟೇ ಬರೋದು. ಕೆಲವರಿಗೆ ಒಂದೂ ಇಲ್ಲ. ನಿಂದು ಒಳ್ಳೇ ರಿಸಲ್ಟು. ಬರೆದು ಕಳಿಸೋಣ."

ಅವರು ನಿಜಕ್ಕೂ ಖುಷಿಯಾಗಿದ್ದರು. ನಾನು ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿ ನಿಂತೆ. ಸೀದಾ ಗಂಟಿಗೇ ಹೋಗತ್ತೆ ಎಂದು ಕರ್ಜಿಕಾಯಿ ಹಿಡಿದು ಹೇಳಿದ್ದೆ. ಆಸ್ಪತ್ರೆಯಲ್ಲಿ ಹೇಳಿದ್ದು ಸುಳ್ಳೆಂದು ಗೊತ್ತಿದ್ದೇ ಹೇಳಿದ್ದು. ಹಬ್ಬದ ಹಿಂದಿನ ದಿನ ಹೇಳಿದ್ದು ನಿಜವೆಂದು ನಾನೂ ನಂಬಿದ್ದೆ.

ನಾಲ್ಕನೇ ಕೀಮೋ ಡಿಸೆಂಬರಿನಲ್ಲಿ ಬಿತ್ತು. ಮತ್ತೆ ಪೆಟ್ಟಿಗೆ, ಐಸ್, ಖಾಲಿ ಸೀಸೆ. ಹಳೆಯ ಕುಂಕುಮ ಥರ್ಮಾಕೋಲಿನ ತೂತುಗಳಲ್ಲಿ ಕುಳಿತುಬಿಟ್ಟಿತ್ತು, ಉಜ್ಜಿದರೂ ಹೋಗಿರಲಿಲ್ಲ. ಅದರ ಪಕ್ಕದಲ್ಲೇ ದೊಡ್ಡಮ್ಮ ಹೊಸದಾಗಿ ಇಟ್ಟಳು. ಅಣ್ಣ ನಮ್ಮನ್ನು ಬಿಟ್ಟು ಕಾರು ನಿಲ್ಲಿಸಲು ಹೋದವನು ಕೆಳಗೇ ಉಳಿದ.

ಕೀಮೋ ಕೋಣೆಯಲ್ಲಿ ಸಾಲಾಗಿ ಒರಗು ಕುರ್ಚಿಗಳು. ದೊಡ್ಡಮ್ಮನ ಪಕ್ಕದ ಕುರ್ಚಿಯಲ್ಲಿ ನಲವತ್ತರ ಆಸುಪಾಸಿನ ಹೆಂಗಸು, ತಲೆಯ ಮೇಲೆ ಹಸಿರು ದುಪಟ್ಟಾ. ಜೊತೆಗೆ ಕಾಲೇಜಿನ ಬ್ಯಾಗು ಹಾಕಿಕೊಂಡ ಮಗಳು. ಅವರ ಬಾಟಲಿ ಇನ್ನೂ ಬಂದಿರಲಿಲ್ಲ. ದೊಡ್ಡಮ್ಮನದು ಅರ್ಧ ಇಳಿಯುವಷ್ಟರಲ್ಲಿ ಇಬ್ಬರೂ ಮಾತಿಗೆ ಬಿದ್ದಿದ್ದರು. ಹೆಸರು ಸಬೀರಾ, ಆರ್.ಟಿ. ನಗರದಲ್ಲಿ ಮನೆ, ಟೈಲರಿಂಗ್ ಮಾಡುತ್ತಾಳೆ, ಇದು ಎರಡನೇ ಕೀಮೋ. ನಾನು ನೀರು ತರಲು ಹೋಗಿ ಬಾಗಿಲಿಗೆ ಬಂದಾಗ ದೊಡ್ಡಮ್ಮನ ದನಿ ಕೇಳಿಸಿತು.

"...ಮೊದ್ಲೆಲ್ಡು ಸಲ ನಂಗೂ ಅಂಗೇ ಆಗಿದ್ದು. ಬಾಯೆಲ್ಲಾ ಉಣ್ಣು, ನೀರ್ ಕುಡುದ್ರೂ ವಾಂತಿ. ಈಗ ನಮ್ಮುಡುಗಿ ಮಾಡಿರೋದು ಆಕುಸ್ಕೋತಾ ಇವ್ನಿ. ಸೀದಾ ಗಂಟಿಗೋಯ್ತದೆ. ಮುದ್ದೆ ಉಂಡೆ ಅಂದ್ರೆ ನಂಬ್ತೀಯಾ?"

"ಸಚ್ಚೀ ಅಮ್ಮಾ? ಡಾಕ್ಟರ್ ನಮ್ಗೆ ಹೇಳೇ ಇಲ್ಲ ನೋಡಿ."

"ಅವ್ರ್ ಯಾಕ್ ಯೋಳ್ತಾರೆ? ಇದ್ನ ಆಕುಸ್ಕೋಬ್ಯಾಡ, ಸುಮ್ಕೆ ಮೈ ಸುಟ್ಕೋತೀಯ. ಎಲ್ಡ್ ವಾರ ತಡಿ. ಅವ್ಳೇ ಬತ್ತಾಳೆ, ನಾನ್ ಕೇಳ್ತೀನಿ."

ಸಬೀರಾ ಮಗಳ ಕಡೆ ತಿರುಗಿದಳು. ಆ ಮುಖದಲ್ಲಿ ನಾನು ಕಂಡದ್ದು ಆಸೆಯಲ್ಲ, ನೆಮ್ಮದಿ. ಇವತ್ತು ತಪ್ಪಿತಲ್ಲ ಎನ್ನುವ ನೆಮ್ಮದಿ. "ಚಲ್ ಬೇಟಾ, ಫೈಲ್ ತಗೋ. ಆಮೇಲೆ ಬರೋಣ," ಎಂದು ಚಪ್ಪಲಿಗೆ ಕಾಲು ತೂರಿಸಿದಳು. ಮಗಳು, "ಅಮ್ಮೀ, ಇವತ್ತೇ ಡೇಟು," ಎಂದಳು. ಸಬೀರಾ ಆಗಲೇ ಎದ್ದಿದ್ದಳು.

ನರ್ಸ್ ಕೋಣೆಯ ಆ ತುದಿಯಲ್ಲಿ ಯಾರದೋ ನರ ಹುಡುಕುತ್ತಿದ್ದಳು. ನಾನು ಸಬೀರಾಳನ್ನು ಹೊರಗೆ ಹಿಂಬಾಲಿಸಿ, ಮೆಟ್ಟಿಲ ಹತ್ತಿರ ನಿಲ್ಲಿಸಿ, ಗುಟ್ಟಾಗಿ ಹೇಳಿಬಿಡಬಹುದು ಎಂದುಕೊಂಡೆ. ದೊಡ್ಡಮ್ಮನಿಗೆ ಗೊತ್ತಾಗದೆ ಅವಳ ಬಾಟಲಿ ಮುಗಿಯಲಿ. ಆದರೆ ಸಬೀರಾ ನನ್ನನ್ನು ನೋಡಿ, ಕುತ್ತಿಗೆಯ ಐಡಿ ಕಾರ್ಡು ನೋಡಿ, ನನ್ನ ಎರಡೂ ಕೈ ಹಿಡಿದುಕೊಂಡಳು.

"ನೀವೇನಾ ಮೇಡಂ? ನಂಗೂ ಮಾಡ್ಕೊಡ್ತೀರಾ?"

ದೊಡ್ಡಮ್ಮ ಕುರ್ಚಿಯಿಂದ ಹೆಮ್ಮೆಯಾಗಿ ನೋಡುತ್ತಿದ್ದಳು.

"ಅದು ನಂದಲ್ಲ," ಎಂದೆ.

ಯಾರಿಗೂ ಅರ್ಥವಾಗಲಿಲ್ಲ. ಇನ್ನೊಮ್ಮೆ ಹೇಳಬೇಕಾಯಿತು. "ಅದು ಆಸ್ಪತ್ರೆದೇ ಔಷಧಿ. ಇವತ್ತು ನಿಮಗೆ ಕೊಡ್ತಾರಲ್ಲ, ಅದೇ. ನನ್ನ ಹತ್ರ ಯಾವ ಔಷಧಿನೂ ಇಲ್ಲ. ದಯವಿಟ್ಟು ಹೋಗ್ಬೇಡಿ."

ಸಬೀರಾ ಕೈ ಬಿಟ್ಟಳು. ದೊಡ್ಡಮ್ಮ ಮೊದಲು ಬಾಟಲಿಯ ಕಪ್ಪು ಕವರನ್ನು, ಆಮೇಲೆ ಕೊಳವೆಯನ್ನು, ಆಮೇಲೆ ತನ್ನ ಎಡ ಮುಂಗೈಯನ್ನು ನೋಡಿದಳು. ಸೂಜಿ ಅಲ್ಲಿತ್ತು. ಬಲಗೈ ಅದರ ಕಡೆ ಸರಿಯಿತು. ನಾನು ನೀರಿನ ಬಾಟಲಿ ಬಿಸಾಕಿ ಓಡಿ ಆ ಕೈ ಹಿಡಿದೆ.

"ಎಳೀಬೇಡ ದೊಡ್ಡಮ್ಮ! ನರದಿಂದ ಆಚೆ ಸೋರಿದ್ರೆ ಮಾಂಸ ಸುಟ್ಟೋಗತ್ತೆ. ಎಳೀಬೇಡ."

"ಓದ್ಸಲದ್ದೂವಾ?"

"ಹೂಂ."

"ಪೆಟ್ಟಿಗೇಲೇನಿತ್ತು?"

"ಖಾಲಿ ಸೀಸೆ."

"ನಾನು ಕುಂಕುಮ ಇಟ್ನಲ್ಲೇ."

ಅವಳ ಬಲಗೈ ನನ್ನ ಹಿಡಿತದೊಳಗೆ ಬಿಗಿಯಾಗಿಯೇ ಇತ್ತು. ತೋಟದಲ್ಲಿ ನೀರು ಸೇದಿದ ಕೈ. ಬಿಡಿಸಿಕೊಳ್ಳಲು ನಿರ್ಧರಿಸಿದರೆ ನನ್ನಿಂದ ತಡೆಯಲಾಗುತ್ತಿರಲಿಲ್ಲ.

"ಊವ ಬಲಗಡೇನೇ ಬಿತ್ತಲ್ಲೇ ಅರ್ಸಿ," ಎಂದಳು. ನನ್ನನ್ನು ಬೈಯುತ್ತಿರಲಿಲ್ಲ. ನಿಜವಾಗಿ ಕೇಳುತ್ತಿದ್ದಳು.

"ನಾನು ನಿಂಗೆ ಸರಿಯಾಗಿ ಹೇಳಿರ್ಲಿಲ್ಲ. ಹಬ್ಬದಲ್ಲಿ ಹೇಳಿದ್ದೂ ತಪ್ಪೇ. ಇಲೀಗೆ ಕೊಟ್ಟು ನೋಡಿದ್ವಿ. ನೂರು ಪಾಲು ಹಾಕಿದ್ರೆ ಗಂಟಿಗೆ ಹೋಗೋದು ಎರಡು."

"ಮಿಕ್ಕಿದ್ದು?"

"ಬೇರೆ ಕಡೆ."

"ಎಲ್ಡು ಓಯ್ತದಾ?"

"ಹೋಗತ್ತೆ."

ಸಬೀರಾ ಫೈಲನ್ನು ಎದೆಗೆ ಒತ್ತಿಕೊಂಡು, ಒಂದು ಚಪ್ಪಲಿ ಹಾಕಿಕೊಂಡು, ಇನ್ನೊಂದನ್ನು ಬಿಟ್ಟು ನಿಂತಿದ್ದಳು. ದೊಡ್ಡಮ್ಮ ಅವಳ ಕಡೆ ಮುಖ ತಿರುಗಿಸಿದಳು.

"ಕುಂತ್ಕೊಳ್ಳವ್ವ. ಓಗ್ಬ್ಯಾಡ."

"ಅಮ್ಮಾ, ನೀವೇ ಅಂದ್ರಲ್ಲ..."

"ಅಂದೆ. ಈಗ ಕುಂತ್ಕೋ ಅಂತಿವ್ನಿ. ಮುದ್ದೆ ಉಂಡಿದ್ದು ಸುಳ್ಳಲ್ಲ, ಇದೇ ಆಕುಸ್ಕೊಂಡು ಉಂಡಿದ್ದು. ಅದ್ಯಾವ್ದೋ ಮಾತ್ರೆ ಕೊಟ್ರು, ಕೇಳಿ ಈಸ್ಕೋ."

ಮಗಳು ಸಬೀರಾಳ ಭುಜ ಒತ್ತಿ ಕೂರಿಸಿದಳು. ನರ್ಸ್ ಬಂದು, ನೆಲದ ಮೇಲೆ ಹರಡಿದ್ದ ನೀರು ನೋಡಿ, ನಮ್ಮ ಮುಖ ನೋಡಿ, ಏನೂ ಕೇಳದೆ ಆ ಕುರ್ಚಿಯ ಪಕ್ಕ ಸ್ಟ್ಯಾಂಡ್ ಎಳೆದು ನಿಲ್ಲಿಸಿದಳು.

"ಕೈ ಬುಡು," ಎಂದಳು ದೊಡ್ಡಮ್ಮ, ನನ್ನನ್ನು ನೋಡದೆ.

"ಎಳಿಯಲ್ಲ ತಾನೆ?"

"ನೋಯ್ತದೆ, ಬುಡು."

ಬಿಟ್ಟೆ. ನನ್ನ ನಾಲ್ಕು ಬೆರಳ ಗುರುತು ಅವಳ ಮಣಿಕಟ್ಟಿನ ಮೇಲೆ ಬೆಳ್ಳಗೆ ಮೂಡಿ ನಿಧಾನವಾಗಿ ಕೆಂಪಾಯಿತು. ಆ ಕೈಯನ್ನು ಅವಳು ಮಡಿಲಿಗೆ ಎಳೆದುಕೊಂಡಳು. ಮುಂದಿನ ಸಲ ಬರುತ್ತಾಳೋ ಇಲ್ಲವೋ ಕೇಳುವ ಧೈರ್ಯ ನನಗಿರಲಿಲ್ಲ. ಬಾಟಲಿಯಲ್ಲಿ ಇನ್ನೂ ಕಾಲುಭಾಗ ಇತ್ತು. ಹನಿಗಳನ್ನು ಬಿಟ್ಟು, ಅದು ಮುಗಿಯುವವರೆಗೂ ಮಡಿಲಲ್ಲಿದ್ದ ಆ ಕೈಯನ್ನೇ ನೋಡುತ್ತ ಕುಳಿತೆ. ಅದು ಅಲ್ಲಿಂದ ಕದಲಲಿಲ್ಲ.